ದವಡೆಯ ಗಡ್ಡೆಯ ಜಾಡು ಹಿಡಿದು

1957ರ ಒಂದು ದಿನ. ಉಗಾಂಡಾದ ಕಂಪಾಲಾ ನಗರದ ಮುಲಾಗೋ ಆಸ್ಪತ್ರೆಯಲ್ಲಿ ವೈದ್ಯ ಹ್ಯೂ ಟ್ರೊವೆಲ್ ತಮ್ಮ ಸಹೋದ್ಯೋಗಿ ಡೆನಿಸ್ ಬರ್ಕಿಟ್ ಅವರನ್ನು ಮಕ್ಕಳ ವಾರ್ಡಿಗೆ ಕರೆಸಿಕೊಂಡರು. ಬರ್ಕಿಟ್ ಶಸ್ತ್ರವೈದ್ಯರು. ಹಾಸಿಗೆಯ ಮೇಲೆ ಐದು ವರ್ಷದ ಹುಡುಗನೊಬ್ಬನಿದ್ದ. ಮುಖ ಗುರುತು ಸಿಗದಷ್ಟು ಊದಿಕೊಂಡಿತ್ತು. ಬಾಯಿ ತೆರೆಸಿ ನೋಡಿದರೆ ಹಲ್ಲುಗಳು ಒಸಡಿನಲ್ಲಿ ಸಡಿಲಗೊಂಡು ಅಲುಗಾಡುತ್ತಿದ್ದವು. ಗಡ್ಡೆ ಒಂದಲ್ಲ, ನಾಲ್ಕು. ಮೇಲ್ದವಡೆಯ ಎರಡೂ ಪಕ್ಕ, ಕೆಳದವಡೆಯ ಎರಡೂ ಪಕ್ಕ.

ಬರ್ಕಿಟ್ ಅವರಿಗೆ ಇದು ಒಗಟಾಯಿತು. ಹಲ್ಲಿನ ಬುಡದಲ್ಲಿ ಕೀವು ತುಂಬಿದ್ದರೆ ಒಂದು ಕೆನ್ನೆ ಊದಬೇಕು. ಕ್ಯಾನ್ಸರ್ ಆಗಿದ್ದರೆ ಒಂದು ಕಡೆ ಹುಟ್ಟಿ ಅಲ್ಲಿಂದ ಹಬ್ಬಬೇಕು. ದವಡೆಯ ನಾಲ್ಕೂ ಮೂಲೆಗಳಲ್ಲಿ ಒಟ್ಟಿಗೆ ಎದ್ದ ಈ ಗಡ್ಡೆಗೆ ಅವರು ಓದಿದ ಯಾವ ಪುಸ್ತಕದಲ್ಲೂ ಹೆಸರಿರಲಿಲ್ಲ. ಅವರು ಹುಡುಗನ ಫೋಟೊ ತೆಗೆದಿಟ್ಟುಕೊಂಡರು. ಮಾಡಲು ಹೆಚ್ಚೇನೂ ಇರಲಿಲ್ಲ.

ಕೆಲವೇ ವಾರಗಳ ನಂತರ, ವಿಕ್ಟೋರಿಯಾ ಸರೋವರದಿಂದ ನೈಲ್ ನದಿ ಹೊರಬೀಳುವ ಜಿಂಜಾ ಪಟ್ಟಣದ ಆಸ್ಪತ್ರೆಗೆ ಅವರು ಹೋಗಿದ್ದರು. ಕಿಟಕಿಯಾಚೆ ಹುಲ್ಲಿನ ಮೇಲೆ ಒಬ್ಬ ತಾಯಿ, ಜೊತೆಗೊಂದು ಮಗು. ಅದೇ ಊದಿದ ಮುಖ. ಬರ್ಕಿಟ್ ಹೊರಗೋಡಿ ಮಗುವನ್ನು ಪರೀಕ್ಷಿಸಿದರು. ದವಡೆಯಲ್ಲಿ ಮಾತ್ರವಲ್ಲ, ಹೊಟ್ಟೆಯಲ್ಲೂ ಗಡ್ಡೆಗಳು ಕೈಗೆ ಸಿಕ್ಕವು. ಒಂದು ಮಗುವಾಗಿದ್ದರೆ ಅಪರೂಪದ ಪ್ರಕರಣ ಎಂದು ಸುಮ್ಮನಾಗಬಹುದಿತ್ತು. ಎರಡನೆಯದು ಕಂಡ ಮೇಲೆ ಸುಮ್ಮನಿರಲು ಅವರಿಂದ ಆಗಲಿಲ್ಲ.

ಡೆನಿಸ್ ಬರ್ಕಿಟ್ ಹುಟ್ಟಿದ್ದು 1911ರಲ್ಲಿ, ಐರ್ಲೆಂಡಿನ ಎನಿಸ್ಕಿಲನ್ ಎಂಬ ಪಟ್ಟಣದಲ್ಲಿ. ತಂದೆ ಎಂಜಿನಿಯರ್, ಬಿಡುವಿನ ವೇಳೆಯಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ, ತೋಟದ ಯಾವ ಮೂಲೆ ಯಾವ ರಾಬಿನ್ ಹಕ್ಕಿಯ ಸರಹದ್ದು ಎಂದು ನಕ್ಷೆ ಬರೆಯುತ್ತಿದ್ದವರು. ಪಕ್ಷಿಶಾಸ್ತ್ರದಲ್ಲಿ ಆ ಕೆಲಸಕ್ಕೆ ಇಂದಿಗೂ ಗೌರವವಿದೆ. ಮಗ ಹನ್ನೊಂದರ ವಯಸ್ಸಿನಲ್ಲಿ ಬಲಗಣ್ಣು ಕಳೆದುಕೊಂಡ. ಎಂಜಿನಿಯರಿಂಗ್ ಓದಲು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿಗೆ ಸೇರಿದ ಆತ, ದೇವರು ತನ್ನನ್ನು ವೈದ್ಯಕೀಯಕ್ಕೆ ಕರೆದಿದ್ದಾನೆಂದು ನಂಬಿ ಓದಿನ ದಾರಿಯನ್ನೇ ಬದಲಿಸಿಕೊಂಡ. ಆಫ್ರಿಕಾದಲ್ಲಿ ಸೇವೆ ಮಾಡುತ್ತೇನೆಂದು ಬ್ರಿಟಿಷ್ ವಸಾಹತು ವೈದ್ಯಕೀಯ ಇಲಾಖೆಗೆ ಅರ್ಜಿ ಹಾಕಿದಾಗ, ಒಂದೇ ಕಣ್ಣಿನ ಶಸ್ತ್ರವೈದ್ಯ ಬೇಡವೆಂಬ ಉತ್ತರ ಬಂತು. ಎರಡನೇ ಮಹಾಯುದ್ಧದಲ್ಲಿ ಸೇನೆಯ ವೈದ್ಯರಾಗಿ ದುಡಿದ ಮೇಲೆ, 1946ರಲ್ಲಿ ಅದೇ ಇಲಾಖೆ ಅವರನ್ನು ಉಗಾಂಡಾದ ಉತ್ತರ ಭಾಗದ ಲಾಂಗೋ ಜಿಲ್ಲೆಗೆ, ಲೀರಾ ಎಂಬ ಊರಿನ ಆಸ್ಪತ್ರೆಗೆ ಕಳಿಸಿತು.

ಲೀರಾದಲ್ಲಿ ಅವರ ಕಣ್ಣಿಗೆ ಬಿದ್ದದ್ದು ಗಂಡಸರ ವೃಷಣಕ್ಕೆ ನೀರು ತುಂಬಿ ಊದಿಕೊಳ್ಳುವ ಕಾಯಿಲೆ. ಶಸ್ತ್ರಚಿಕಿತ್ಸೆಗೆ ಬಂದವರನ್ನೆಲ್ಲ ಅವರು ಒಂದು ಮಾತು ಕೇಳತೊಡಗಿದರು: ನಿಮ್ಮ ಊರು ಯಾವುದು? ಉತ್ತರಗಳನ್ನು ಜಿಲ್ಲೆಯ ನಕ್ಷೆಯ ಮೇಲೆ ಗುರುತು ಹಾಕಿದಾಗ, ಪೂರ್ವ ಭಾಗದಲ್ಲಿ ಕಾಯಿಲೆ ವಿಪರೀತ, ಪಶ್ಚಿಮದಲ್ಲಿ ತೀರ ವಿರಳ ಎಂಬುದು ಕಂಡಿತು. ಸೊಳ್ಳೆ ಹರಡುವ, ಆನೆಕಾಲು ರೋಗಕ್ಕೂ ಕಾರಣವಾಗುವ ಹುಳುಗಳೇ ಇದರ ಹಿಂದಿವೆ ಎಂದು ಆಮೇಲೆ ತಿಳಿಯಿತು. ರೋಗಿಯ ಊರು ಕೇಳಿ ಬರೆದಿಟ್ಟರೆ ರೋಗದ ಮೂಲ ತಾನಾಗಿ ಹೊರಬರುತ್ತದೆ ಎಂಬ ಪಾಠ ಅವರಿಗೆ ಅಲ್ಲಿ ಸಿಕ್ಕಿತು. ಹತ್ತು ವರ್ಷಗಳ ನಂತರ ದವಡೆಯ ಗಡ್ಡೆಯನ್ನು ಬೆನ್ನಟ್ಟಿದಾಗಲೂ ಅವರ ಕೈಯಲ್ಲಿದ್ದದ್ದು ಅದೊಂದೇ ಪ್ರಶ್ನೆ.

ಮುಲಾಗೋ ಆಸ್ಪತ್ರೆಯ ಕಡತಗಳನ್ನು ತೆಗೆದು ನೋಡಿದರೆ, ಈ ಕಾಯಿಲೆ ಅಪರೂಪದ್ದಾಗಿರಲೇ ಇಲ್ಲ. ದವಡೆಯ ಗಡ್ಡೆ ಒಂದು ಹೆಸರಿನಲ್ಲಿ, ಮೂತ್ರಪಿಂಡದ್ದು ಇನ್ನೊಂದು ಹೆಸರಿನಲ್ಲಿ, ಅಂಡಾಶಯದ್ದು ಮತ್ತೊಂದು ಹೆಸರಿನಲ್ಲಿ ಬೇರೆ ಬೇರೆಯಾಗಿ ದಾಖಲಾಗಿದ್ದವು. ಕಂಪಾಲಾದಲ್ಲಿ ಕ್ಯಾನ್ಸರ್ ದಾಖಲೆ ನೋಡಿಕೊಳ್ಳುತ್ತಿದ್ದ ಜ್ಯಾಕ್ ಡೇವಿಸ್ ಮತ್ತು ಅಮೆರಿಕದಿಂದ ಬಂದಿದ್ದ ಗ್ರೆಗರಿ ಓಕಾನರ್ ಎಂಬ ರೋಗಶಾಸ್ತ್ರಜ್ಞರು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ಎಲ್ಲವೂ ಒಂದೇ. ಇದು ರಕ್ತದ ಬಿಳಿಕಣಗಳ ಪೈಕಿ ಲಿಂಫೋಸೈಟ್ ಎಂಬ ಜೀವಕೋಶಗಳ ಕ್ಯಾನ್ಸರ್, ಅಂದರೆ ಲಿಂಫೋಮಾ. ಉಗಾಂಡಾದ ಮಕ್ಕಳ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟು ಇದೇ ಆಗಿತ್ತು. ಕಣ್ಣೆದುರಿಗಿದ್ದ ಇಷ್ಟು ದೊಡ್ಡ ರೋಗ ಬೇರೆ ಬೇರೆ ಹೆಸರುಗಳ ಮರೆಯಲ್ಲಿ ಅಡಗಿ ಕುಳಿತಿತ್ತು.

ಇನ್ನೂ ಹಿಂದಕ್ಕೆ ಹೋಗಲು ಒಂದು ದಾರಿಯಿತ್ತು. ಚರ್ಚ್ ಮಿಷನರಿ ಸೊಸೈಟಿಯ ವೈದ್ಯ ಆಲ್ಬರ್ಟ್ ಕುಕ್ ಮೊಂಬಾಸಾ ಕರಾವಳಿಯಿಂದ ತಿಂಗಳುಗಟ್ಟಲೆ ನಡೆದು ಬಂದು, 1897ರಲ್ಲಿ ಕಂಪಾಲಾದ ಮೆಂಗೋದಲ್ಲಿ ಆಸ್ಪತ್ರೆ ತೆರೆದಿದ್ದರು. ರೋಗಿಯ ವಿವರವನ್ನು ಬರೆದಿಡುವುದರಲ್ಲಿ ಆ ಆಸ್ಪತ್ರೆ ಬಹಳ ಕಟ್ಟುನಿಟ್ಟು. 1901ರಲ್ಲಿ ಉಗಾಂಡಾಕ್ಕೆ ನಿದ್ರಾರೋಗ ಕಾಲಿಟ್ಟಿದ್ದನ್ನು ಮೊದಲು ಗುರುತಿಸಿದವರೂ ಆಲ್ಬರ್ಟ್ ಮತ್ತು ಅವರ ಸಹೋದರ ಜ್ಯಾಕ್ ಕುಕ್. ಡೇವಿಸ್ ಮತ್ತು ಸಂಗಡಿಗರು ಮೆಂಗೋದ ಹಳೆಯ ದಫ್ತರಗಳನ್ನು ಬಿಚ್ಚಿದಾಗ, ಇಪ್ಪತ್ತನೇ ಶತಮಾನದ ಆರಂಭದ ಪುಟಗಳಲ್ಲೇ ದವಡೆ ಊದಿದ ಮಕ್ಕಳ ವರ್ಣನೆ ಸಿಕ್ಕಿತು. ಹೆಸರು ಗೊತ್ತಿಲ್ಲದ ಕಾಯಿಲೆಯನ್ನೂ ಕಂಡದ್ದು ಕಂಡ ಹಾಗೆ ಬರೆದಿಟ್ಟಿದ್ದರಿಂದ ಅರ್ಧ ಶತಮಾನದ ನಂತರ ಅದು ಸಾಕ್ಷಿಯಾಯಿತು. ರೋಗ ಹೊಸದಲ್ಲ ಎಂಬುದು ಖಚಿತವಾಯಿತು.

1958ರಲ್ಲಿ ಬ್ರಿಟನ್ನಿನ ಶಸ್ತ್ರಚಿಕಿತ್ಸಾ ಪತ್ರಿಕೆಯೊಂದರಲ್ಲಿ ಬರ್ಕಿಟ್ ತಮ್ಮ ಲೇಖನ ಪ್ರಕಟಿಸಿದರು. ಯಾರೂ ಅಷ್ಟಾಗಿ ಗಮನಿಸಲಿಲ್ಲ. ಅವರು ಬೇರೆ ದಾರಿ ಹಿಡಿದರು. ಕೈಗೆ ಸಿಕ್ಕ 25 ಪೌಂಡುಗಳ ಅನುದಾನದಲ್ಲಿ ರೋಗಿಗಳ ಚಿತ್ರವಿರುವ ಕರಪತ್ರ ಅಚ್ಚು ಹಾಕಿಸಿ, ಆಫ್ರಿಕಾದ ಉದ್ದಗಲಕ್ಕೂ ಇರುವ ಸರ್ಕಾರಿ ಮತ್ತು ಮಿಷನ್ ಆಸ್ಪತ್ರೆಗಳಿಗೆ ಸಾವಿರಕ್ಕೂ ಹೆಚ್ಚು ಪ್ರತಿಗಳನ್ನು ಅಂಚೆಯಲ್ಲಿ ಕಳಿಸಿದರು. ಇಂಥ ಮಗುವನ್ನು ನೀವು ಕಂಡಿದ್ದೀರಾ ಎಂಬುದಷ್ಟೇ ಪ್ರಶ್ನೆ. ಉತ್ತರ ಬಂದಂತೆಲ್ಲ ಕಚೇರಿಯ ಗೋಡೆಯ ಭೂಪಟಕ್ಕೆ ಗುಂಡುಸೂಜಿ ಚುಚ್ಚುತ್ತ ಹೋದರು.

ಮಿಷನ್ ಆಸ್ಪತ್ರೆಗಳೇ ಏಕೆ? ಆ ಕಾಲದ ಆಫ್ರಿಕಾದಲ್ಲಿ ಪಟ್ಟಣ ಬಿಟ್ಟು ಒಳಗೆ ಹೋದರೆ ಬಹಳಷ್ಟು ಕಡೆ ಇದ್ದ ಆಸ್ಪತ್ರೆ ಅದೊಂದೇ. ಸರ್ಕಾರಿ ವೈದ್ಯರಿಗೆ ಕೆಲವು ವರ್ಷಕ್ಕೊಮ್ಮೆ ವರ್ಗವಾಗುತ್ತಿತ್ತು. ಮಿಷನರಿ ವೈದ್ಯರು ಇಪ್ಪತ್ತು-ಮೂವತ್ತು ವರ್ಷ ಒಂದೇ ಊರಲ್ಲಿ ಉಳಿಯುತ್ತಿದ್ದರು, ಅಲ್ಲಿನ ಭಾಷೆ ಕಲಿಯುತ್ತಿದ್ದರು, ಹೆರಿಗೆ ಮಾಡಿಸಿದ ಮಗುವಿನ ಮಗುವನ್ನೂ ನೋಡುತ್ತಿದ್ದರು. ಅವರು ಬಂದದ್ದು ಧರ್ಮಪ್ರಚಾರದ ಜೊತೆಗೆ, ವಸಾಹತು ಆಳ್ವಿಕೆಯ ನೆರಳಿನಲ್ಲಿ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ವಾರ್ಡಿನಲ್ಲಿ ಹಗಲಿರುಳು ದುಡಿದ ಸ್ಥಳೀಯ ದಾದಿಯರ, ಡ್ರೆಸ್ಸರುಗಳ, ದುಭಾಷಿಗಳ ಹೆಸರುಗಳು ವಿಜ್ಞಾನದ ಲೇಖನಗಳಲ್ಲಿ ಹೆಚ್ಚಾಗಿ ಕಾಣುವುದಿಲ್ಲ ಎಂಬುದೂ ನಿಜ. ಆದರೆ ಒಂದೇ ಜಾಗದಲ್ಲಿ ದಶಕಗಟ್ಟಲೆ ಕುಳಿತು ನೋಡುವ ಕಣ್ಣು ಯಾವ ಸಂಶೋಧನಾ ಸಂಸ್ಥೆಯ ಬಳಿಯೂ ಇರಲಿಲ್ಲ.

ಅಂಥ ಕಣ್ಣುಗಳಲ್ಲಿ ಒಂದು ಉಗಾಂಡಾದ ವಾಯವ್ಯ ಮೂಲೆಯ ವೆಸ್ಟ್ ನೈಲ್ ಜಿಲ್ಲೆಯಲ್ಲಿತ್ತು. ಒಂದು ಕಡೆ ಕಾಂಗೊ, ಇನ್ನೊಂದು ಕಡೆ ಆಗಿನ ಸುಡಾನ್ ಗಡಿ. ಅರುವಾ ಪಟ್ಟಣದ ಹತ್ತಿರ ಕುಲುವಾ ಎಂಬಲ್ಲಿ ಆಫ್ರಿಕಾ ಇನ್‌ಲ್ಯಾಂಡ್ ಮಿಷನ್ನಿನ ವೈದ್ಯ ಟೆಡ್ ವಿಲಿಯಮ್ಸ್ 1940ರ ದಶಕದಲ್ಲಿ ಆಸ್ಪತ್ರೆ ಕಟ್ಟಿದ್ದರು. ಸಹೋದರ ಪೀಟರ್ ಕೂಡ ಅಲ್ಲಿನ ವೈದ್ಯರು. ಕುಷ್ಠ, ಮಲೇರಿಯಾ, ಹೆರಿಗೆ, ಮುರಿದ ಮೂಳೆ, ಎಲ್ಲವೂ ಅಲ್ಲಿಗೇ ಬರಬೇಕಿತ್ತು. ದವಡೆ ಊದಿದ ಮಕ್ಕಳೂ ಬರುತ್ತಿದ್ದರು. ಪ್ರತಿ ಮಗುವಿನ ಊರು, ಕಾಯಿಲೆ ಕಾಣಿಸಿಕೊಂಡ ಕಾಲ, ಗಡ್ಡೆ ಎಲ್ಲೆಲ್ಲಿದೆ ಎಂಬುದನ್ನು ಟೆಡ್ ವಿಲಿಯಮ್ಸ್ ಒಂದೂ ಬಿಡದೆ ಬರೆದಿಡುತ್ತಿದ್ದರು.

1961ರ ಅಕ್ಟೋಬರ್ 7ರಂದು ಕಂಪಾಲಾದಿಂದ ಒಂದು ಹಳೆಯ ಫೋರ್ಡ್ ಸ್ಟೇಷನ್ ವ್ಯಾಗನ್ ದಕ್ಷಿಣಕ್ಕೆ ಹೊರಟಿತು. ಒಳಗೆ ಮೂವರು ವೈದ್ಯರು: ಬರ್ಕಿಟ್, ಟೆಡ್ ವಿಲಿಯಮ್ಸ್, ಕ್ಲಿಫರ್ಡ್ ನೆಲ್ಸನ್. ಕಾರು 250 ಪೌಂಡಿಗೆ ಕೊಂಡದ್ದು. ದಾರಿಯಲ್ಲಿ ಕೆಟ್ಟರೆ ರಿಪೇರಿ ಮಾಡುವಷ್ಟು ಕೈಚಳಕ ವಿಲಿಯಮ್ಸ್ ಅವರಿಗಿತ್ತು. ಉದ್ದೇಶ, ಭೂಪಟದಲ್ಲಿ ಗುಂಡುಸೂಜಿಗಳು ಎಲ್ಲಿ ನಿಲ್ಲುತ್ತವೆ ಎಂದು ಕಣ್ಣಾರೆ ನೋಡುವುದು. ರೋಗ ಎಲ್ಲಿ ಇದೆ ಎನ್ನುವಷ್ಟೇ ಎಲ್ಲಿ ಇಲ್ಲ ಎನ್ನುವುದೂ ಮುಖ್ಯವಾಗಿತ್ತು.

ಹತ್ತು ವಾರ, 10,000 ಮೈಲಿ. ತಾಂಗನ್ಯಿಕಾ, ನ್ಯಾಸಾಲ್ಯಾಂಡ್, ರೊಡೇಷಿಯಾ, ಮೊಜಾಂಬಿಕ್ ದಾಟಿ ದಕ್ಷಿಣ ಆಫ್ರಿಕಾದವರೆಗೆ. ಐವತ್ತಕ್ಕೂ ಹೆಚ್ಚು ಆಸ್ಪತ್ರೆಗಳು. ಪ್ರತಿ ಕಡೆಯೂ ಒಂದೇ ವಿಧಾನ: ವೈದ್ಯರ ಮುಂದೆ, ದಾದಿಯರ ಮುಂದೆ ಫೋಟೊಗಳನ್ನು ಇಟ್ಟು ಕೇಳುವುದು. ಒಮ್ಮೆ ನೋಡಿದವರು ಮರೆಯುವ ಕಾಯಿಲೆ ಅದಾಗಿರಲಿಲ್ಲ. ಹಾಗಾಗಿ 'ಇಲ್ಲ, ನೋಡಿಲ್ಲ' ಎಂಬ ಉತ್ತರಕ್ಕೂ ತೂಕವಿತ್ತು. ಇಡೀ ಪಯಣದ ಖರ್ಚು 678 ಪೌಂಡ್. ಕ್ಯಾನ್ಸರ್ ಸಂಶೋಧನೆಯ ಇತಿಹಾಸದಲ್ಲಿ ಇಷ್ಟು ಕಡಿಮೆ ಹಣಕ್ಕೆ ಇಷ್ಟು ದೊಡ್ಡ ಫಲ ಸಿಕ್ಕ ಉದಾಹರಣೆಗಳು ಕಡಿಮೆ.

ಹಿಂದಿರುಗಿದಾಗ ಭೂಪಟದ ಮೇಲೆ ಆಫ್ರಿಕಾದ ನಡುವಿಗೆ ಸುತ್ತಿದ ಪಟ್ಟಿಯಂಥ ಆಕಾರ ಮೂಡಿತ್ತು. ಭೂಮಧ್ಯರೇಖೆಯ ಆಚೀಚೆ ಸುಮಾರು 10 ಡಿಗ್ರಿಗಳವರೆಗೆ ಅಗಲ. ಪೂರ್ವ ಕರಾವಳಿಯುದ್ದಕ್ಕೂ ಮೊಜಾಂಬಿಕ್‌ನ ಕಡೆಗೆ ಇಳಿದ ಒಂದು ಬಾಲ. ಆದರೆ ಪಟ್ಟಿಯ ಒಳಗೂ ಅಲ್ಲಲ್ಲಿ ತೂತುಗಳು. ಕೀನ್ಯಾದ ಎತ್ತರದ ಪ್ರದೇಶ, ರುವಾಂಡಾ ಮತ್ತು ಬುರುಂಡಿಯ ಬೆಟ್ಟಗಳಲ್ಲಿ ರೋಗವಿಲ್ಲ. ಭೂಮಧ್ಯರೇಖೆಯ ಬಳಿ 5,000 ಅಡಿಗಿಂತ ಮೇಲೆ ಅದು ಕಾಣುವುದಿಲ್ಲ. ದಕ್ಷಿಣಕ್ಕೆ ಹೋದಂತೆ ಈ ಗೆರೆ ಕೆಳಕ್ಕೆ ಇಳಿಯುತ್ತದೆ.

ಎತ್ತರಕ್ಕೂ ಕ್ಯಾನ್ಸರಿಗೂ ಏನು ಸಂಬಂಧ? ಗೆರೆಯ ಅರ್ಥ ಬಿಡಿಸಿದವರು ಎಂಟೆಬೆಯ ವೈರಸ್ ಸಂಶೋಧನಾ ಸಂಸ್ಥೆಯ ಅಲೆಕ್ಸಾಂಡರ್ ಹ್ಯಾಡೋ. ಜೀಕಾ ಕಾಡಿನಲ್ಲಿ ಮರದ ಮೇಲೆ ಅಟ್ಟಣೆ ಕಟ್ಟಿ ಸೊಳ್ಳೆಗಳನ್ನು ಅಭ್ಯಸಿಸಿದ, 1947ರಲ್ಲಿ ಜೀಕಾ ವೈರಸ್ ಪತ್ತೆ ಮಾಡಿದ ತಂಡದ ಸದಸ್ಯರು ಅವರು. ಮುಖ್ಯವಾದದ್ದು ಎತ್ತರವಲ್ಲ, ಉಷ್ಣತೆ ಎಂದು ಅವರು ತೋರಿಸಿದರು. ವರ್ಷದ ಯಾವ ಕಾಲದಲ್ಲೂ ಸುಮಾರು 16 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾಗದ, ಸಾಕಷ್ಟು ಮಳೆ ಬೀಳುವ ಜಾಗಗಳಲ್ಲಿ ಮಾತ್ರ ಈ ಗಡ್ಡೆ. ಅದು ಸೊಳ್ಳೆಯ ಭೂಪಟವೂ ಹೌದು.

ಇಲ್ಲಿ ಕನ್ನಡದ ಓದುಗರಿಗೆ ಪರಿಚಿತವಾದ ಒಂದು ಎಳೆಯಿದೆ. ಎಂಟೆಬೆಯ ಸಂಸ್ಥೆ 1936ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಆರಂಭವಾದದ್ದು. ಅದೇ ಪ್ರತಿಷ್ಠಾನದ ನೆರವಿನಿಂದ 1952ರಲ್ಲಿ ಪುಣೆಯಲ್ಲೂ ವೈರಸ್ ಸಂಶೋಧನಾ ಕೇಂದ್ರ ಶುರುವಾಯಿತು. ಬರ್ಕಿಟ್ ಆ ಹುಡುಗನನ್ನು ನೋಡಿದ ವರ್ಷವೇ, 1957ರಲ್ಲಿ, ಪುಣೆಯ ತಂಡ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿಗೆ ಬಂದು ಮಂಗಗಳ ಸಾವಿನ ಜಾಡು ಹಿಡಿದಿತ್ತು. ಮಂಗನ ಕಾಯಿಲೆಯ ವೈರಸ್ಸನ್ನು ಉಣ್ಣೆ ಹರಡುತ್ತದೆ ಎಂದು ಗೊತ್ತಾದದ್ದು ಹಾಗೆ. ಕಾಯಿಲೆಗೂ ಕಾಡಿಗೂ ಕೀಟಕ್ಕೂ ನಂಟು ಹುಡುಕುವ ಒಂದೇ ಬಗೆಯ ಯೋಚನೆ ಆ ದಿನಗಳಲ್ಲಿ ಮಲೆನಾಡಿನಲ್ಲೂ ಉಗಾಂಡಾದಲ್ಲೂ ಕೆಲಸ ಮಾಡುತ್ತಿತ್ತು.

ಹತ್ತು ವಾರಗಳ ಆ ಪಯಣಕ್ಕೆ ಹೊರಡುವ ಮೊದಲೇ, 1961ರ ಮಾರ್ಚ್ 22ರಂದು, ಬರ್ಕಿಟ್ ಲಂಡನ್ನಿನ ಮಿಡಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಒಂದು ಉಪನ್ಯಾಸ ಕೊಟ್ಟಿದ್ದರು. ಸಭಿಕರಲ್ಲಿ ಆಂಟನಿ ಎಪ್ಸ್ಟೀನ್ ಎಂಬ ಯುವ ವಿಜ್ಞಾನಿಯಿದ್ದರು. ಕೋಳಿಗಳಲ್ಲಿ ಕ್ಯಾನ್ಸರ್ ತರುವ ವೈರಸ್ ಬಗ್ಗೆ ಕೆಲಸ ಮಾಡಿದ್ದವರು. ಮನುಷ್ಯರಲ್ಲಿ ಕ್ಯಾನ್ಸರ್ ತರುವ ವೈರಸ್ ಒಂದಾದರೂ ಇರಬೇಕೆಂಬ ಹಂಬಲ ಅವರದು. ಆಗ ಹೆಚ್ಚಿನವರಿಗೆ ಅದು ನಂಬಲಾಗದ ಮಾತು. ಮಳೆ, ಸೆಕೆ, ಗಡ್ಡೆ, ಮೂರಕ್ಕೂ ನಂಟಿದೆ ಎಂದು ಬರ್ಕಿಟ್ ಹೇಳುತ್ತಿದ್ದಂತೆ, ಇದರ ಹಿಂದೆ ವೈರಸ್ ಇರಬೇಕೆಂದು ಎಪ್ಸ್ಟೀನ್ ಅವರಿಗೆ ಅನ್ನಿಸಿತು. ಅಲ್ಲೇ ಮಾತಾಯಿತು: ಕಂಪಾಲಾದಿಂದ ಗಡ್ಡೆಯ ತುಣುಕುಗಳು ವಿಮಾನದಲ್ಲಿ ಲಂಡನ್ನಿಗೆ ಬರಬೇಕು.

ಎರಡು ವರ್ಷಕ್ಕೂ ಹೆಚ್ಚು ಕಾಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಏನೂ ಕಾಣಲಿಲ್ಲ. 1963ರ ಡಿಸೆಂಬರ್ 5ರಂದು ಲಂಡನ್ನಿನಲ್ಲಿ ಮಂಜು ಕವಿದು ವಿಮಾನ ಮ್ಯಾಂಚೆಸ್ಟರಿಗೆ ಹೋಯಿತು. ತುಣುಕು ಪ್ರಯೋಗಾಲಯ ತಲುಪುವ ವೇಳೆಗೆ ಸೀಸೆಯೊಳಗಿನ ದ್ರವ ಕದಡಿ ಹೋಗಿತ್ತು. ಬ್ಯಾಕ್ಟೀರಿಯಾ ಸೇರಿ ಕೆಟ್ಟಿದೆ ಎಂದು ಚೆಲ್ಲುವುದು ವಾಡಿಕೆ. ಎಪ್ಸ್ಟೀನ್ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬ್ಯಾಕ್ಟೀರಿಯಾ ಇರಲಿಲ್ಲ, ಗಡ್ಡೆಯಿಂದ ಬಿಡಿಸಿಕೊಂಡು ತೇಲುತ್ತಿದ್ದ ಜೀವಂತ ಕ್ಯಾನ್ಸರ್ ಕೋಶಗಳಿದ್ದವು. ಅಲ್ಲಿಯವರೆಗೆ ಗಟ್ಟಿ ತುಣುಕನ್ನೇ ಬೆಳೆಸಲು ಹೋಗಿ ಸೋತಿದ್ದರು. ಈ ಕೋಶಗಳನ್ನು ದ್ರವದಲ್ಲಿ ತೇಲಲು ಬಿಟ್ಟು ಬೆಳೆಸಿದರೆ ಬದುಕುತ್ತವೆ ಎಂದು ಆಗ ಹೊಳೆಯಿತು. ಸಹೋದ್ಯೋಗಿ ಇವಾನ್ ಬಾರ್ ಕೋಶಗಳನ್ನು ಬೆಳೆಸಿದರು. ಟ್ರಿನಿಡಾಡ್ ಮೂಲದ ಬರ್ಟ್ ಅಚಾಂಗ್ ಸೂಕ್ಷ್ಮದರ್ಶಕದ ಕೆಲಸದಲ್ಲಿ ಜೊತೆಯಾದರು. ಹರ್ಪಿಸ್ ಗುಂಪಿಗೆ ಸೇರಿದ ಹೊಸ ವೈರಸ್ ಕಂಡಿತು. 1964ರ ಮಾರ್ಚಿನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮೂವರ ಲೇಖನ ಬಂತು. ಎಪ್ಸ್ಟೀನ್-ಬಾರ್ ವೈರಸ್ ಎಂದು ಇಂದು ಕರೆಯುವುದು ಇದನ್ನೇ. ಮನುಷ್ಯರ ಕ್ಯಾನ್ಸರಿಗೆ ನಂಟಿರುವ ಮೊದಲ ವೈರಸ್ ಇದು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ರಕ್ತಪರೀಕ್ಷೆಗಳು ಬಂದ ಮೇಲೆ ಈ ವೈರಸ್ ಲಂಡನ್ನಿನಲ್ಲೂ ಫಿಲಡೆಲ್ಫಿಯಾದಲ್ಲೂ ಇದೆಯೆಂದು ತಿಳಿಯಿತು. ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರ ದೇಹದಲ್ಲಿ ಇದು ಬೀಡುಬಿಟ್ಟಿರುತ್ತದೆ. ಹರಡುವುದು ಸೊಳ್ಳೆಯಿಂದಲ್ಲ, ಎಂಜಲಿನಿಂದ. ಹೆಚ್ಚಿನವರಿಗೆ ಬಂದದ್ದೂ ಗೊತ್ತಾಗುವುದಿಲ್ಲ. ಹಾಗಿದ್ದರೆ ಗಡ್ಡೆ ಆಫ್ರಿಕಾದ ಮಕ್ಕಳ ದವಡೆಗೇ ಏಕೆ ಬರಬೇಕು? ಸೊಳ್ಳೆಯ ಭೂಪಟ ಸುಳ್ಳೇ?

ಭೂಪಟ ಸುಳ್ಳಾಗಿರಲಿಲ್ಲ. ಸೊಳ್ಳೆ ತರುತ್ತಿದ್ದದ್ದು ಮಲೇರಿಯಾ. ಬರ್ಕಿಟ್ ಅವರ ಪಟ್ಟಿಯ ಒಳಗಿದ್ದೂ ಗಡ್ಡೆ ಕಾಣದ ಜಾಗಗಳಲ್ಲಿ ಜಾಂಜಿಬಾರ್ ಮತ್ತು ಪೆಂಬಾ ದ್ವೀಪಗಳಿದ್ದವು. ಅಲ್ಲಿ ಸೆಕೆಯೂ ಇದೆ, ಮಳೆಯೂ ಇದೆ. ಆದರೆ ಮಲೇರಿಯಾವನ್ನು ಹತೋಟಿಗೆ ತರಲಾಗಿತ್ತು. ಬೆಟ್ಟದ ಊರುಗಳಿಂದ ಬಯಲಿಗೆ ಇಳಿದು ಬಂದವರಲ್ಲಿ ಈ ಗಡ್ಡೆ ದೊಡ್ಡ ವಯಸ್ಸಿನಲ್ಲಿ ಕಾಣುತ್ತಿತ್ತು. ಬಯಲಿನಲ್ಲೇ ಹುಟ್ಟಿದವರಲ್ಲಿ ಎಳವೆಯಲ್ಲೇ. ವರ್ಷವಿಡೀ, ಹುಟ್ಟಿದಾಗಿನಿಂದ ಮಲೇರಿಯಾ ಕಾಡುವ ಊರುಗಳೇ ಗಡ್ಡೆಯ ಊರುಗಳು.

ದೇಹದೊಳಗೆ ಏನಾಗುತ್ತದೆ ಎಂಬುದು ನಿಧಾನವಾಗಿ ಬಿಡಿಸಿಕೊಂಡಿತು. ಸೋಂಕಿನ ವಿರುದ್ಧ ಪ್ರತಿಕಾಯ ತಯಾರಿಸುವ ಬಿ ಲಿಂಫೋಸೈಟುಗಳಿಗೆ ಒಂದು ವಿಶೇಷ ಗುಣವಿದೆ. ಹೊಸ ಶತ್ರುವಿಗೆ ಒಗ್ಗುವ ಪ್ರತಿಕಾಯ ಬೇಕಾದಾಗ ಅವು ತಮ್ಮದೇ ಡಿಎನ್ಎಯನ್ನು ಕತ್ತರಿಸಿ, ಮತ್ತೆ ಜೋಡಿಸಿಕೊಳ್ಳುತ್ತವೆ. ಅಪಾಯದ ಕೆಲಸ. ಮಲೇರಿಯಾ ಮತ್ತೆ ಮತ್ತೆ ಬಂದಾಗ ಈ ಕತ್ತರಿ ಕೆಲಸ ಬಿಡುವಿಲ್ಲದೆ ನಡೆಯುತ್ತದೆ, ಎಂದೋ ಒಮ್ಮೆ ಜೋಡಣೆ ತಪ್ಪುತ್ತದೆ. 8ನೇ ವರ್ಣತಂತುವಿನ ಒಂದು ತುಂಡು ಹೋಗಿ 14ನೇ ವರ್ಣತಂತುವಿಗೆ ಅಂಟಿಕೊಳ್ಳುತ್ತದೆ. ಆ ತುಂಡಿನಲ್ಲಿರುವುದು, ಕೋಶಕ್ಕೆ ವಿಭಜನೆಯಾಗು ಎಂದು ಆಜ್ಞೆ ಕೊಡುವ ಮಿಕ್ ಎಂಬ ಜೀನ್. ಹೊಸ ಜಾಗದಲ್ಲಿ ಅದರ ಪಕ್ಕದಲ್ಲೇ ಸದಾ ಚಾಲೂ ಇರುವ ಸ್ವಿಚ್. ಇಂಥ ಕೆಟ್ಟ ಕೋಶ ಸಾಮಾನ್ಯವಾಗಿ ತಾನಾಗಿ ಸಾಯಬೇಕು. ಒಳಗೆ ಕುಳಿತ ಎಪ್ಸ್ಟೀನ್-ಬಾರ್ ವೈರಸ್ ಅದನ್ನು ಸಾಯಗೊಡುವುದಿಲ್ಲ. ಒಂದೆರಡು ದಿನಕ್ಕೆ ಇಮ್ಮಡಿಯಾಗುವ ಗಡ್ಡೆ ಹುಟ್ಟುವುದು ಹೀಗೆ.

ಇದಕ್ಕೆಲ್ಲ ಬಲವಾದ ಸಾಕ್ಷಿ ಒದಗಿಸಿದ್ದು ಮತ್ತೆ ಕುಲುವಾ ಸೀಮೆಯೇ. ಟೆಡ್ ವಿಲಿಯಮ್ಸ್ ಅವರ ದಾಖಲೆಗಳನ್ನು ಸಂಖ್ಯಾಶಾಸ್ತ್ರಜ್ಞರು ಲೆಕ್ಕ ಹಾಕಿ, 1961ರಿಂದ 1965ರ ನಡುವೆ ಹತ್ತಿರದ ಊರುಗಳ ಮಕ್ಕಳಿಗೆ ಹತ್ತಿರದ ಸಮಯದಲ್ಲೇ ಕಾಯಿಲೆ ಬಂದದ್ದು ಆಕಸ್ಮಿಕವೆನ್ನಲಾಗದು ಎಂದು 1967ರಲ್ಲಿ ಪ್ರಕಟಿಸಿದರು. ಅಂದರೆ ಇದು ಸೋಂಕಿನ ನಡವಳಿಕೆ. ಆಮೇಲೆ 1970ರ ದಶಕದಲ್ಲಿ ಗೀ ದ ತೆ ಎಂಬ ಫ್ರೆಂಚ್ ವಿಜ್ಞಾನಿಯ ತಂಡ ವೆಸ್ಟ್ ನೈಲ್ ಜಿಲ್ಲೆಯ ಸುಮಾರು 42,000 ಆರೋಗ್ಯವಂತ ಮಕ್ಕಳ ರಕ್ತ ಸಂಗ್ರಹಿಸಿ ಶೈತ್ಯದಲ್ಲಿಟ್ಟು ಕಾದಿತು. ಅವರಲ್ಲಿ ಕೆಲವು ಮಕ್ಕಳಿಗೆ ಮುಂದೆ ಗಡ್ಡೆ ಬಂತು. ಹಿಂದೆ ತೆಗೆದಿಟ್ಟ ರಕ್ತವನ್ನು ನೋಡಿದರೆ, ಎಪ್ಸ್ಟೀನ್-ಬಾರ್ ವೈರಸ್ಸಿನ ವಿರುದ್ಧ ಪ್ರತಿಕಾಯಗಳು ತುಂಬ ಹೆಚ್ಚಿದ್ದ ಮಕ್ಕಳಿಗೆ ಅಪಾಯ ಸುಮಾರು 30 ಪಟ್ಟು ಹೆಚ್ಚಿತ್ತು. ವೈರಸ್ ಮೊದಲು, ಗಡ್ಡೆ ಆಮೇಲೆ. 1978ರಲ್ಲಿ ಇದು ಪ್ರಕಟವಾಯಿತು. ಇದೆಲ್ಲ ನಡೆದದ್ದು ಈದಿ ಅಮೀನನ ಭೀಕರ ಆಳ್ವಿಕೆಯ ನಡುವೆ.

ಕಾರಣ ಹುಡುಕುವವರೆಗೆ ಮಕ್ಕಳು ಕಾಯುವಂತಿರಲಿಲ್ಲ. ಚಿಕಿತ್ಸೆಯಿಲ್ಲದಿದ್ದರೆ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ನಾಲ್ಕು ಕಡೆ ಗಡ್ಡೆಯಿರುವ ದವಡೆಯನ್ನು ಕತ್ತರಿಸಿ ತೆಗೆಯುವುದು ಕ್ರೌರ್ಯ, ಪ್ರಯೋಜನವೂ ಇಲ್ಲ. ವಿಕಿರಣ ಚಿಕಿತ್ಸೆಯ ಯಂತ್ರ ಉಗಾಂಡಾದಲ್ಲಿ ಇರಲಿಲ್ಲ. ಉಳಿದದ್ದು ಆಗಷ್ಟೇ ಬರತೊಡಗಿದ್ದ ಔಷಧಿಗಳು: ಮೆಥೊಟ್ರೆಕ್ಸೇಟ್, ಸೈಕ್ಲೊಫಾಸ್ಫಮೈಡ್, ವಿನ್‌ಕ್ರಿಸ್ಟೀನ್. ನ್ಯೂಯಾರ್ಕಿನ ಸ್ಲೋನ್-ಕೆಟರಿಂಗ್ ಸಂಸ್ಥೆಯ ವೈದ್ಯರ ಸಹಕಾರದಿಂದ ಬರ್ಕಿಟ್ ಇವನ್ನು ಕೊಟ್ಟು ನೋಡಿದರು. ಕೆಲವೇ ದಿನಗಳಲ್ಲಿ ಮುಖದ ಗಡ್ಡೆ ಕರಗಿ ಮಗುವಿನ ಮುಖ ಮರಳಿ ಬರುತ್ತಿತ್ತು. ಒಂದೆರಡು ಬಾರಿ ಔಷಧಿ ಪಡೆದು ಮನೆಗೆ ಹೋದ ಕೆಲವು ಮಕ್ಕಳು ವರ್ಷಗಳ ನಂತರವೂ ಆರೋಗ್ಯವಾಗಿದ್ದರು. ವೇಗವಾಗಿ ಬೆಳೆಯುವ ಗುಣವೇ ಈ ಗಡ್ಡೆಯ ದೌರ್ಬಲ್ಯ: ವಿಭಜನೆಯಾಗುತ್ತಿರುವ ಕೋಶಗಳನ್ನೇ ಔಷಧಿ ಕೊಲ್ಲುತ್ತದೆ. ಬರೀ ಔಷಧಿಯಿಂದ ಗುಣವಾದ ಮೊದಲ ಕೆಲವು ಕ್ಯಾನ್ಸರುಗಳಲ್ಲಿ ಇದೂ ಒಂದು. 1967ರಲ್ಲಿ ಮುಲಾಗೋದಲ್ಲಿ ಲಿಂಫೋಮಾ ಚಿಕಿತ್ಸಾ ಕೇಂದ್ರ ತೆರೆಯಿತು. ಅದೇ ಇಂದಿನ ಉಗಾಂಡಾ ಕ್ಯಾನ್ಸರ್ ಸಂಸ್ಥೆ.

ಬರ್ಕಿಟ್ 1966ರಲ್ಲಿ ಉಗಾಂಡಾ ಬಿಟ್ಟರು. ಲಂಡನ್ನಿನಲ್ಲಿ ಕುಳಿತು ಅದೇ ಮಿಷನ್ ಆಸ್ಪತ್ರೆಗಳಿಗೆ ಮತ್ತೆ ಪತ್ರ ಬರೆದು, ಯಾವ ಕಾಯಿಲೆ ಎಷ್ಟು ಕಾಣುತ್ತೀರಿ ಎಂದು ಕೇಳುತ್ತ ಹೋದರು. ಆಹಾರದ ನಾರಿನಂಶದ ಬಗ್ಗೆ ಜಗತ್ತು ಇಂದು ಆಡುವ ಮಾತುಗಳಲ್ಲಿ ಬಹುಪಾಲು ಆ ಪತ್ರಗಳಿಂದ ಹೊರಟದ್ದು. 1993ರಲ್ಲಿ ಅವರು ತೀರಿಕೊಂಡರು.

ಗಡ್ಡೆ ಮಾತ್ರ ಇನ್ನೂ ಇದೆ. ಉತ್ತರ ಉಗಾಂಡಾದ ಗುಲು ಪಟ್ಟಣದ ಬಳಿಯ ಲಾಚೋರ್ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಇಂದಿಗೂ ಇಂಥ ಮಕ್ಕಳು ಬರುತ್ತಾರೆ. 1959ರಲ್ಲಿ ಕೊಂಬೋನಿ ಮಿಷನರಿಗಳು ಕಟ್ಟಿದ, ಇಟಲಿಯ ಮಕ್ಕಳ ವೈದ್ಯ ಪಿಯೆರೊ ಕೋರ್ತಿ ಮತ್ತು ಅವರ ಪತ್ನಿ, ಕೆನಡಾದ ಶಸ್ತ್ರವೈದ್ಯೆ ಲೂಸಿಲ್ ಟೀಸ್‌ಡೇಲ್ ಬೆಳೆಸಿದ ಆಸ್ಪತ್ರೆ ಅದು. ಯುದ್ಧದಲ್ಲಿ ಗಾಯಗೊಂಡವರಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ಲೂಸಿಲ್ ಅವರಿಗೆ ಎಚ್‌ಐವಿ ತಗುಲಿತು, 1996ರಲ್ಲಿ ತೀರಿಕೊಂಡರು. 2000ದಲ್ಲಿ ಎಬೋಲಾ ಬಂದಾಗ ಅದನ್ನು ಗುರುತಿಸಿ ಎದುರು ನಿಂತವರು ಅಲ್ಲಿನ ಉಗಾಂಡಾ ಮೂಲದ ಮುಖ್ಯ ವೈದ್ಯ ಮ್ಯಾಥ್ಯೂ ಲುಕ್ವಿಯಾ. ಅದೇ ವರ್ಷದ ಡಿಸೆಂಬರ್ 5ರಂದು ಅದೇ ರೋಗಕ್ಕೆ ಅವರು ಬಲಿಯಾದರು. ಮಿಷನರಿಗಳು ತೆರೆದ ಇಂಥ ಆಸ್ಪತ್ರೆಗಳನ್ನು ಇಂದು ನಡೆಸುತ್ತಿರುವವರು ಬಹುಪಾಲು ಆ ನೆಲದ ವೈದ್ಯರು, ದಾದಿಯರೇ.

ಹಳ್ಳಿಯ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಎಂದರೆ ಬರೀ ಇಂಜೆಕ್ಷನ್ ಅಲ್ಲ. ಗಡ್ಡೆ ಒಮ್ಮೆಲೇ ಕರಗಿದಾಗ ಸತ್ತ ಕೋಶಗಳ ಕಸ ರಕ್ತಕ್ಕೆ ಸೇರಿ ಮೂತ್ರಪಿಂಡ ಕಟ್ಟಿಕೊಳ್ಳಬಹುದು. ಆದ್ದರಿಂದ ಮೊದಲ ದಿನಗಳಲ್ಲಿ ಮಗುವಿಗೆ ಸಾಕಷ್ಟು ದ್ರವ ಹೋಗುತ್ತಿದೆಯೇ, ಮೂತ್ರ ಬರುತ್ತಿದೆಯೇ ಎಂದು ದಾದಿ ರಾತ್ರಿಯಿಡೀ ಅಳೆಯಬೇಕು. ಬೆನ್ನುಹುರಿಗೆ ರೋಗ ತಲುಪದಂತೆ ಬೆನ್ನಿನ ಸೂಜಿಯ ಮೂಲಕ ಔಷಧಿ ಹಾಕಬೇಕು. ಬಿಳಿಕಣ ಇಳಿದಾಗ ಸೋಂಕು ತಗುಲದಂತೆ ಕಾಯಬೇಕು. ಸೊರಗಿದ ಮಗುವಿಗೆ ಊಟ ಸೇರುವಂತೆ ಮಾಡಬೇಕು. ಜೊತೆಗೆ ಬಂದ ತಾಯಿ ವಾರಗಟ್ಟಲೆ ಹೊಲ, ಉಳಿದ ಮಕ್ಕಳನ್ನು ಬಿಟ್ಟು ಅಲ್ಲೇ ಉಳಿಯಬೇಕು. ಗಡ್ಡೆ ಕರಗಿದ ಕೂಡಲೇ ಗುಣವಾಯಿತೆಂದು ಹೊರಟು ಹೋದರೆ ಅದು ಮರಳಿ ಬರುತ್ತದೆ. ಬಸ್ಸಿನ ಖರ್ಚಿಗೆ ಹಣವಿಲ್ಲದೆ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದೂ ಉಂಟು.

ಕ್ಯಾಮರೂನಿನ ಬಾನ್ಸೊ, ಎಂಬಿಂಗೊ ಊರುಗಳ ಬ್ಯಾಪ್ಟಿಸ್ಟ್ ಮಿಷನ್ ಆಸ್ಪತ್ರೆಗಳು ದಕ್ಷಿಣ ಆಫ್ರಿಕಾದ ಮಕ್ಕಳ ಕ್ಯಾನ್ಸರ್ ತಜ್ಞ ಪೀಟರ್ ಹೆಸೆಲಿಂಗ್ ಅವರ ಜೊತೆಗೂಡಿ, ಹಳ್ಳಿಯ ಆಸ್ಪತ್ರೆಗೆ ನಿಭಾಯಿಸಲು ಸಾಧ್ಯವಾಗುವ ಸರಳ, ಅಗ್ಗದ ಚಿಕಿತ್ಸಾಕ್ರಮ ರೂಪಿಸಿದವು. ಸೈಕ್ಲೊಫಾಸ್ಫಮೈಡ್ ಅದರ ಮುಖ್ಯ ಔಷಧಿ. ಅಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಬದುಕುತ್ತಾರೆ. ಶ್ರೀಮಂತ ದೇಶಗಳಲ್ಲಿ ಇದೇ ಕಾಯಿಲೆಯ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಜಗತ್ತಿಗೆ ಮನುಷ್ಯರ ಮೊದಲ ಕ್ಯಾನ್ಸರ್ ವೈರಸ್ಸನ್ನು, ಔಷಧಿಯಿಂದ ಕ್ಯಾನ್ಸರ್ ಗುಣವಾಗುತ್ತದೆಂಬ ಭರವಸೆಯನ್ನು ಕೊಟ್ಟವರು ಆಫ್ರಿಕಾದ ಹಳ್ಳಿಗಳ ಮಕ್ಕಳು. ಆ ಭರವಸೆ ಅವರದೇ ಹಳ್ಳಿಗಳಿಗೆ ಅರ್ಧ ಮಾತ್ರ ತಲುಪಿರುವುದು ಅನ್ಯಾಯ.

ಲಾಂಗೋ ಸೀಮೆಯ ಅಪಾಚ್ ಜಿಲ್ಲೆ ಲೀರಾಕ್ಕೆ ದೂರವೇನಲ್ಲ. ಈ ಶತಮಾನದ ಆರಂಭದಲ್ಲಿ ಅಲ್ಲಿ ನಡೆದ ಅಧ್ಯಯನದ ಪ್ರಕಾರ, ಒಬ್ಬ ವ್ಯಕ್ತಿಗೆ ವರ್ಷಕ್ಕೆ 1,500ಕ್ಕೂ ಹೆಚ್ಚು ಬಾರಿ ಮಲೇರಿಯಾ ಹೊತ್ತ ಸೊಳ್ಳೆ ಕಚ್ಚುತ್ತಿತ್ತು. 2025ರ ಏಪ್ರಿಲ್‌ನಲ್ಲಿ ಉಗಾಂಡಾ ಸರ್ಕಾರ ಮಕ್ಕಳಿಗೆ ಮಲೇರಿಯಾ ಲಸಿಕೆ ಹಾಕುವ ಕಾರ್ಯಕ್ರಮವನ್ನು ಅಪಾಚ್‌ನಲ್ಲೇ ಉದ್ಘಾಟಿಸಿತು. ಆರ್21 ಎಂಬ ಆ ಲಸಿಕೆ ತಯಾರಾಗುವುದು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನಲ್ಲಿ. ಮಗುವಿಗೆ 6, 7, 8 ಮತ್ತು 18ನೇ ತಿಂಗಳಲ್ಲಿ ಒಟ್ಟು ನಾಲ್ಕು ಡೋಸು. ದವಡೆಯ ಈ ಗಡ್ಡೆ ಹೆಚ್ಚಾಗಿ ಕಾಣುವುದು ಐದರಿಂದ ಏಳರ ವಯಸ್ಸಿನಲ್ಲಿ. ಆ ಮಕ್ಕಳು ಅಷ್ಟು ದೊಡ್ಡವರಾಗುವ ಹೊತ್ತಿಗೆ ದವಡೆ ಊದಿದ ಎಷ್ಟು ಮಕ್ಕಳು ಬಂದರು ಎಂಬ ಲೆಕ್ಕ ಕುಲುವಾ, ಲಾಚೋರ್, ಮುಲಾಗೋ ಆಸ್ಪತ್ರೆಗಳ ದಾಖಲೆ ಪುಸ್ತಕಗಳಲ್ಲಿ ಇರುತ್ತದೆ.